ಬಾಡಿಗೆಯ ಮನೆ ಮತ್ತು ಪರಿಗ್ರಹದ ಮಿತಿ

ಗೃಹಸ್ಥನಿಗೆ ವಿಧಿಸಲಾದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಈ ವ್ರತದ ಅತಿಚಾರಗಳನ್ನು ಹೇಳುವಾಗ, ಯಾವ ಯಾವ ವಸ್ತುಗಳಲ್ಲಿ ಗೃಹಸ್ಥನು ಮಿತಿಯನ್ನು ಮೀರಬಾರದೆಂಬುದನ್ನು ಹೆಸರಿಸಿ ಹೇಳಿದ್ದಾರೆ. ಬೆಳ್ಳಿ, ಬಂಗಾರ, ಧನ, ಧಾನ್ಯಗಳೆಲ್ಲವೂ ಆ ಪಟ್ಟಿಯಲ್ಲಿವೆ. ಆದರೆ ಎಲ್ಲಕ್ಕೂ ಮೊದಲು ನಿಂತಿರುವುದು ಕ್ಷೇತ್ರ ಮತ್ತು ವಾಸ್ತು. ಎಂದರೆ ಭೂಮಿ ಮತ್ತು ಮನೆ. ನಮ್ಮಲ್ಲಿ ಅನೇಕರು ಬಂಗಾರದ ವಿಷಯದಲ್ಲಿ ವ್ರತವನ್ನು ನೆನೆಯುತ್ತಾರೆ. ಮನೆಯ ವಿಷಯ ಬಂದಾಗ ಮಾತ್ರ ಅದನ್ನು ‘ಮಕ್ಕಳಿಗಾಗಿ ಮಾಡಿದ ಆಸ್ತಿ’ ಎಂದು ಕರೆದು ಲೆಕ್ಕದಿಂದ ಹೊರಗಿಡುತ್ತಾರೆ. ನಾನೂ ಬಹುಕಾಲ ಹಾಗೆಯೇ ಮಾಡಿದವನು.

ಪ್ರಕೃತ ಲೇಖನದಲ್ಲಿ ವಾಚಕರ ಮುಂದಿಡಬಯಸುವ ಪ್ರಶ್ನೆ ಸಣ್ಣದೆಂದು ತೋರಬಹುದು. ಒಂದು ಮನೆಯನ್ನು ಬಾಡಿಗೆಗೆ ಕೊಡುವಾಗ ಹಲವರು ಅದಕ್ಕಾಗಿ ಪೈಪೋಟಿ ನಡೆಸಿ, ಒಬ್ಬರಿಗಿಂತ ಒಬ್ಬರು ಹೆಚ್ಚು ಕೊಡುತ್ತೇವೆಂದು ಮುಂದೆ ಬಂದರೆ, ಆ ಹೆಚ್ಚಿನ ಹಣವನ್ನು ಪಡೆಯುವುದರಲ್ಲಿ ದೋಷವಿದೆಯೇ? ಮಾಲೀಕನು ಬಲವಂತ ಮಾಡಿಲ್ಲ, ಬಾಡಿಗೆದಾರನು ತಾನಾಗಿಯೇ ಕೊಟ್ಟಿದ್ದಾನೆ. ವ್ಯಾಪಾರದ ದೃಷ್ಟಿಯಿಂದ ಇದರಲ್ಲಿ ತಪ್ಪು ಕಾಣುವುದಿಲ್ಲ. ನಲವತ್ತು ವರ್ಷ ಜವಳಿ ವ್ಯಾಪಾರ ಮಾಡಿದ ನನಗೂ ಕಂಡಿರಲಿಲ್ಲ. ಕಂಡದ್ದು ಹೇಗೆಂಬುದನ್ನು ಹೇಳುವುದು ಅವಶ್ಯಕವಾದುದರಿಂದ ಸ್ವಂತ ವಿಷಯವನ್ನು ಸ್ವಲ್ಪ ಪ್ರಸ್ತಾಪಿಸಬೇಕಾಗಿದೆ. ವಾಚಕರು ಮನ್ನಿಸಬೇಕು.

ನನ್ನ ತಂದೆಯವರು ಹಾಸನ ಜಿಲ್ಲೆಯಿಂದ ಬೆಂಗಳೂರಿಗೆ ಬಂದು ಬಳೇಪೇಟೆಯ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ನನ್ನ ಬಾಲ್ಯ ಕಳೆದದ್ದು ಒಂದು ವಠಾರದಲ್ಲಿ. ಎಂಟು ಸಂಸಾರಗಳು, ಒಂದು ನಲ್ಲಿ, ಎರಡು ಶೌಚಗೃಹ. ವಠಾರದ ಯಜಮಾನರು ಮೃದು ಸ್ವಭಾವದವರೇನೂ ಆಗಿರಲಿಲ್ಲ. ಬಾಡಿಗೆ ಐದನೆಯ ತಾರೀಖು ದಾಟಿದರೆ ಅವರ ಧ್ವನಿ ಬೀದಿಗೆ ಕೇಳಿಸುತ್ತಿತ್ತು. ಆದರೆ ಮಳೆಗಾಲಕ್ಕೆ ಮೊದಲು ಅವರು ತಪ್ಪದೆ ಹೆಂಚು ಕೈಯಾಡಿಸುತ್ತಿದ್ದರು, ಯುಗಾದಿಗೆ ಸುಣ್ಣ ಹೊಡೆಸುತ್ತಿದ್ದರು. ಒಬ್ಬರಿಂದ ಒಂದು ರೂಪಾಯಿ ಮುಂಗಡ ಕೈಗೆ ಬಂತೆಂದರೆ ಆ ಮನೆ ಅವರದೇ. ಆಮೇಲೆ ಯಾರು ಎಷ್ಟು ಕೊಡುತ್ತೇನೆಂದರೂ ಅವರು ಮಾತು ಬದಲಿಸುತ್ತಿರಲಿಲ್ಲ. ಅವರು ಶಾಸ್ತ್ರ ಓದಿದವರಲ್ಲ.

ನಾನು ಬಿ.ಕಾಂ. ಮುಗಿಸಿ ಸ್ವಂತ ವ್ಯಾಪಾರ ಆರಂಭಿಸಿದೆ. ಶುಭಕರ್ಮದ ಉದಯದಿಂದ ವಾಸಕ್ಕೊಂದು ಮನೆಯಾಯಿತು, ಅದರ ಮೇಲೊಂದು ಅಂತಸ್ತಾಯಿತು, 2011ರಲ್ಲಿ ನಗರದ ಪೂರ್ವ ಭಾಗದಲ್ಲಿ ಎರಡು ಕೋಣೆಗಳ ಒಂದು ಫ್ಲ್ಯಾಟ್ ಕೂಡ ಆಯಿತು. ಈ ಫ್ಲ್ಯಾಟೇ ನನ್ನ ಪಾಠಶಾಲೆಯಾಯಿತು.

ಕೋವಿಡ್ ಕಾಲದಲ್ಲಿ, 2020 ಮತ್ತು 2021ರಲ್ಲಿ, ಸಾಫ್ಟ್‌ವೇರ್ ನೌಕರರು ಊರುಗಳಿಗೆ ಮರಳಿದ್ದರಿಂದ ಬೆಂಗಳೂರಿನಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಫಲಕಗಳು ತಿಂಗಳುಗಟ್ಟಲೆ ತೂಗುತ್ತಿದ್ದವು. 2022ರ ಉತ್ತರಾರ್ಧದಲ್ಲಿ ಕಂಪನಿಗಳು ನೌಕರರನ್ನು ಕಚೇರಿಗೆ ಮರಳಿ ಕರೆದವು. ಹೋದವರು ಒಮ್ಮೆಲೇ ಬಂದರು, ಹೊಸಬರೂ ಬಂದರು; ನಡುವಿನ ಎರಡು ವರ್ಷ ಕಟ್ಟಡ ಕೆಲಸ ಕುಂಠಿತವಾಗಿತ್ತು. ವೈಟ್‌ಫೀಲ್ಡ್, ಮಾರತಹಳ್ಳಿ, ಬೆಳ್ಳಂದೂರು, ಕೋರಮಂಗಲ ಮೊದಲಾದ ಕಡೆ ಒಂದು ಮನೆಯನ್ನು ನೋಡಲು ಒಂದೇ ದಿನ ಹತ್ತಾರು ಮಂದಿ ಸಾಲುಗಟ್ಟುವ ಪರಿಸ್ಥಿತಿ ಬಂತು. ಮನೆ ಕೇಳಿ ಬಂದವರಿಗೆ ನೌಕರಿಯ ವಿವರ, ಹುಟ್ಟೂರು, ಓದಿದ ಕಾಲೇಜು ಎಲ್ಲವನ್ನೂ ವಿಚಾರಿಸುವ ಸಂದರ್ಶನಗಳು ನಡೆದವು. ಹನ್ನೆರಡನೆಯ ತರಗತಿಯಲ್ಲಿ ಬಂದ ಅಂಕಗಳು ಸಾಲದೆಂದು ಒಬ್ಬ ಯುವಕನಿಗೆ ಮನೆ ನಿರಾಕರಿಸಿದರೆಂಬ ಸುದ್ದಿ 2023ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಬಂದದ್ದನ್ನು ವಾಚಕರು ನೆನಪಿಸಿಕೊಳ್ಳಬಹುದು.

ನನ್ನ ಫ್ಲ್ಯಾಟು ಖಾಲಿಯಾದದ್ದು 2023ರ ಜನವರಿಯಲ್ಲಿ. ತಿಂಗಳಿಗೆ 22,000 ರೂಪಾಯಿ, ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಮುಂಗಡ ಎಂದು ದಲ್ಲಾಳಿಗೆ ತಿಳಿಸಿದ್ದೆ. ಒಂದು ಭಾನುವಾರ ದಂಪತಿಗಳಿಬ್ಬರು ಬಂದು ನೋಡಿ ಒಪ್ಪಿದರು. ಅವರಿದ್ದ ಮನೆಯನ್ನು ತಿಂಗಳ ಕೊನೆಗೆ ಬಿಡಬೇಕಿತ್ತು. ಎರಡು ಲಕ್ಷದ ಇಪ್ಪತ್ತು ಸಾವಿರ ಹೊಂದಿಸಲು ಎರಡು ದಿನ ಬೇಕೆಂದು ಕೇಳಿದರು, ಆಗಲಿ ಎಂದೆ. ಅಂದು ಸಂಜೆಯೇ ದಲ್ಲಾಳಿಯು ದೂರವಾಣಿ ಮಾಡಿ, ಮತ್ತೊಬ್ಬರು 27,000ಕ್ಕೆ ಸಿದ್ಧರಿದ್ದಾರೆ, ಮುಂಗಡವನ್ನು ಈಗಲೇ ಕೊಡುತ್ತಾರೆ ಎಂದನು. ‘ಮೊದಲಿನವರು ಇನ್ನೂ ಹಣ ಕೊಟ್ಟಿಲ್ಲವಲ್ಲ’ ಎಂದು ನಾನು ನನಗೇ ಹೇಳಿಕೊಂಡೆ. ಮನೆ ಎರಡನೆಯವರಿಗೆ ಹೋಯಿತು. ಮೊದಲಿನವರಿಗೆ ವಿಷಯ ತಿಳಿಸುವ ಕೆಲಸವನ್ನೂ ದಲ್ಲಾಳಿಗೇ ಬಿಟ್ಟೆ. ಅವರು ಕಿಟಕಿಯಿಲ್ಲದ ಒಂದು ಕೆಳಮನೆಯನ್ನು ನನ್ನ ಮನೆಗಿಂತ ಹೆಚ್ಚಿನ ಬಾಡಿಗೆಗೆ ಹಿಡಿದರೆಂದು ಬಹಳ ದಿನಗಳ ಮೇಲೆ ಅವನಿಂದಲೇ ತಿಳಿಯಿತು.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಆ ಮನೆಯ ಮಲಗುವ ಕೋಣೆಯ ಒಂದು ಗೋಡೆ ಮಳೆಗಾಲದಲ್ಲಿ ತೇವ ಹೀರುತ್ತದೆ. ಅದು ನನಗೆ ಗೊತ್ತಿತ್ತು. ರಿಪೇರಿಗೆ ಹೊರಗೋಡೆಯನ್ನೇ ಕೆರೆದು ಗಾರೆ ಮಾಡಬೇಕು, ಖರ್ಚು ಹೆಚ್ಚು. ಬಣ್ಣ ಹೊಡೆಸಿದರೆ ಜನವರಿಯಲ್ಲಿ ಏನೂ ಕಾಣುವುದಿಲ್ಲ. ಬಣ್ಣ ಹೊಡೆಸಿದ್ದೆ.

ಈಗ ಪ್ರಶ್ನೆಗೆ ಬರೋಣ. ನನ್ನ ವ್ಯಾಪಾರಿ ಮಿತ್ರರು ಕೊಡುವ ಸಮಾಧಾನಗಳು ಮೂರು. ಮೊದಲನೆಯದು, ಬೇಡಿಕೆ ಹೆಚ್ಚಿದಾಗ ಬೆಲೆ ಏರುವುದು ಅರ್ಥಶಾಸ್ತ್ರದ ನಿಯಮ. ಅದಕ್ಕೆ ಪುಣ್ಯಪಾಪಗಳ ಸೋಂಕಿಲ್ಲ. ಎರಡನೆಯದು, ಪಡೆದವನು ಒಪ್ಪಿ ಕೊಟ್ಟದ್ದನ್ನು ಪಡೆದಿದ್ದಾನೆ, ಆದುದರಿಂದ ಅದತ್ತಾದಾನವಾಗಲಿಲ್ಲ. ಮೂರನೆಯದು, ನಮ್ಮ ಬಸದಿಗಳಲ್ಲಿಯೇ ಅಭಿಷೇಕದ ಕಲಶಕ್ಕೆ ಸವಾಲು ನಡೆಯುತ್ತದೆ. ಸವಾಲು ತಪ್ಪಾದರೆ ಅದೂ ತಪ್ಪಾಗಬೇಕು.

ಮೂರನೆಯದಕ್ಕೆ ಮೊದಲು ಉತ್ತರಿಸುವುದು ಸುಲಭ. ಕಲಶದ ಸವಾಲಿನಲ್ಲಿ ಸೋತವನು ಮತ್ತೊಬ್ಬನು ಮಾಡುವ ಅಭಿಷೇಕವನ್ನು ಕಣ್ತುಂಬ ನೋಡಿ, ಗಂಧೋದಕವನ್ನು ತಲೆಗೆ ಹಚ್ಚಿಕೊಂಡು ತನ್ನ ಮನೆಗೆ ಹೋಗುತ್ತಾನೆ. ಬಾಡಿಗೆಯ ಸವಾಲಿನಲ್ಲಿ ಸೋತವನಿಗೆ ಹೋಗಲು ಮನೆಯಿಲ್ಲ. ಒಂದು ಉಳಿಕೆಯ ಹಣದಿಂದ ನಡೆಯುವ ಸವಾಲು, ಇನ್ನೊಂದು ಮಕ್ಕಳ ಶಾಲೆಯ ಶುಲ್ಕದಿಂದ, ಮನೆಯವರ ಔಷಧದ ಹಣದಿಂದ ನಡೆಯುವ ಸವಾಲು. ಎರಡಕ್ಕೂ ಒಂದೇ ಹೆಸರಿದ್ದ ಮಾತ್ರಕ್ಕೆ ಎರಡೂ ಒಂದಾಗಲಾರವು.

ಇದರಿಂದಲೇ ಎರಡನೆಯ ಸಮಾಧಾನದ ದೌರ್ಬಲ್ಯವೂ ತಿಳಿಯುತ್ತದೆ. ನನ್ನ ಅಂಗಡಿಗೆ ಸೀರೆ ಕೊಳ್ಳಲು ಬಂದವರು ಬೆಲೆ ಹೆಚ್ಚೆನಿಸಿದರೆ ಎದ್ದು ಹೋಗಬಹುದು. ಹಬ್ಬಕ್ಕೆ ಹಳೆಯ ಸೀರೆಯನ್ನೇ ಉಡಬಹುದು. ಎದ್ದು ಹೋಗುವ ಸ್ವಾತಂತ್ರ್ಯವಿರುವುದರಿಂದಲೇ ಅವರ ಒಪ್ಪಿಗೆಗೆ ಬೆಲೆಯಿದೆ. ತಿಂಗಳ ಕೊನೆಗೆ ಮನೆ ಬಿಡಲೇಬೇಕಾದವನು ಎಲ್ಲಿಗೆ ಎದ್ದು ಹೋಗುತ್ತಾನೆ? ಅವನು 22,000ದ ಮನೆಗೆ 27,000 ಎಂದಾಗ, ಅಧಿಕವಾದ ಐದು ಸಾವಿರವು ಮನೆಯ ಗುಣವನ್ನು ಅಳೆಯುವುದಿಲ್ಲ. ಅವನ ಅಸಹಾಯಕತೆಯನ್ನು ಅಳೆಯುತ್ತದೆ. ಆ ಭಾನುವಾರ ಬೆಳಿಗ್ಗೆಯಿಂದ ಸಂಜೆಯೊಳಗೆ ನಾನು ಮನೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಆದರೂ ವರ್ಷಕ್ಕೆ ಅರುವತ್ತು ಸಾವಿರ ರೂಪಾಯಿ ನನ್ನ ಆದಾಯಕ್ಕೆ ಸೇರಿತು. ಅದು ಯಾವ ಶ್ರಮದ, ಯಾವ ಸೇವೆಯ ಫಲ? ಗೃಹಸ್ಥನ ಗುಣಗಳನ್ನು ಹೇಳುವಾಗ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ನ್ಯಾಯದಿಂದ ಗಳಿಸಿದ ಧನವನ್ನು ಮೊದಲನೆಯದಾಗಿ ಏಕೆ ಹೇಳಿದರೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಮೊದಲನೆಯ ಸಮಾಧಾನವನ್ನು ನಾನು ಲಘುವಾಗಿ ತಳ್ಳಿಹಾಕುವುದಿಲ್ಲ. ಬಾಡಿಗೆಯನ್ನು ಬಲವಂತವಾಗಿ ಕೆಳಗೆ ಹಿಡಿದರೆ ಆಗುವ ಹಾನಿಯನ್ನು ನಮ್ಮ ರಾಜ್ಯವೇ ಕಂಡಿದೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ ದಶಕಗಳ ಹಿಂದಿನ ಬಾಡಿಗೆಯೇ ಮುಂದುವರಿದು, ಪೇಟೆಯ ಎಷ್ಟೋ ಕಟ್ಟಡಗಳನ್ನು ಮಾಲೀಕರು ರಿಪೇರಿ ಮಾಡಿಸದೆ ಬೀಳಲು ಬಿಟ್ಟರು. ಒಳಗಿದ್ದವರು ಬಿಡುವುದಿಲ್ಲವೆಂಬ ಭಯದಿಂದ ಹೊಸ ಮನೆಗಳಿಗೆ ಬೀಗ ಹಾಕಿದವರೂ ಇದ್ದರು. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ಒಂದು ಕೋಟಿಗೂ ಮಿಕ್ಕಿ ಮನೆಗಳು ಖಾಲಿಯಿದ್ದವು. ಆ ಭಯವೂ ಅದರ ಕಾರಣಗಳಲ್ಲೊಂದು. ಬಾಡಿಗೆಯಿಂದಲೇ ಜೀವನ ಸಾಗಿಸುವ ವೃದ್ಧರು, ಸಾಲ ಮಾಡಿ ಮನೆ ಕಟ್ಟಿದವರು ನಮ್ಮ ಸಮಾಜದಲ್ಲಿಯೂ ಇದ್ದಾರೆ. ನ್ಯಾಯವಾದ ಬಾಡಿಗೆಯನ್ನು, ಕಾಲಕ್ಕೆ ತಕ್ಕ ಏರಿಕೆಯನ್ನು ಪಡೆಯುವುದರಲ್ಲಿ ಅಧರ್ಮವಿಲ್ಲ. 22,000 ಎಂದು ಹೇಳುವ ಬದಲು ಯೋಚಿಸಿ ಮೊದಲೇ 24,000 ಎಂದಿದ್ದರೆ ಯಾರೂ ನನ್ನನ್ನು ದೂರುವಂತಿರಲಿಲ್ಲ. ದೋಷವಿರುವುದು, ಮಿತಿಯನ್ನು ಹೇಳಿದ ಮೇಲೆ ಎದುರಿಗಿರುವವರ ಆತಂಕವನ್ನು ನೋಡಿ ಆ ಮಿತಿಯನ್ನು ಸರಿಸುವುದರಲ್ಲಿ.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ವಿವರಿಸುವಾಗ ‘ವಿರುದ್ಧರಾಜ್ಯಾತಿಕ್ರಮ’ವೆಂಬುದಕ್ಕೆ ಮಾಡಿದ ಅರ್ಥ ಗಮನಾರ್ಹವಾಗಿದೆ. ರಾಜ್ಯದಲ್ಲಿ ಅವ್ಯವಸ್ಥೆ ಉಂಟಾದ ಸಮಯವನ್ನು ನೋಡಿಕೊಂಡು, ಬೆಲೆಬಾಳುವ ವಸ್ತುಗಳನ್ನು ಅಲ್ಪ ಬೆಲೆಗೆ ಪಡೆಯಲು ಯತ್ನಿಸುವುದನ್ನು ಅವರು ನ್ಯಾಯವನ್ನು ಮೀರಿದ ಕೊಡುಕೊಳ್ಳುವಿಕೆ ಎಂದು ತಿಳಿಸಿದ್ದಾರೆ. ಅಲ್ಲಿಯೂ ಮಾರುವವನು ಬಾಯಲ್ಲಿ ಒಪ್ಪಿಯೇ ಮಾರುತ್ತಾನೆ. ಆದರೂ ಅದು ಅಚೌರ್ಯದ ದೋಷಗಳ ಸಾಲಿನಲ್ಲಿ ಸೇರಿದೆ. ಪರರ ಸಂಕಟವನ್ನೇ ಬಂಡವಾಳ ಮಾಡಿಕೊಳ್ಳುವ ವ್ಯಾಪಾರವನ್ನು ನಮ್ಮ ಆಚಾರ್ಯರು ಒಪ್ಪಿಗೆಯ ನೆಪದಿಂದ ಬಿಟ್ಟುಕೊಡಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಮನೆಗಳ ಅಭಾವವುಂಟಾದಾಗ ಬಾಡಿಗೆಯ ಸವಾಲು ನಡೆಸುವವನ ನಡತೆ ಇದಕ್ಕಿಂತ ದೂರವೇನೂ ಇಲ್ಲ.

ಇನ್ನು ಗೋಡೆಯ ವಿಷಯ. ಅದೇ ವ್ರತದ ಮತ್ತೊಂದು ಅತಿಚಾರವು ‘ಪ್ರತಿರೂಪಕ ವ್ಯವಹಾರ’. ಕೀಳು ಪದಾರ್ಥವನ್ನು ಒಳ್ಳೆಯದೆಂಬಂತೆ ತೋರಿಸಿ ಮಾರುವುದು. ತುಪ್ಪಕ್ಕೆ ಡಾಲ್ಡಾ ಬೆರೆಸುವವನನ್ನು ನಾವು ಕಳ್ಳನೆನ್ನುತ್ತೇವೆ. ತೇವದ ಗೋಡೆಗೆ ಬಣ್ಣ ಹೊಡೆಸಿ ತೋರಿಸುವವನನ್ನು ಯಾರೂ ಹಾಗೆ ಕರೆಯುವುದಿಲ್ಲ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಸುರಿದ ಭಾರಿ ಮಳೆಯಲ್ಲಿ ಆ ಗೋಡೆ ಕಪ್ಪು ಬೂಷ್ಟು ಹಿಡಿಯಿತು. ಬಾಡಿಗೆಗಿದ್ದವರ ಮಗುವಿಗೆ ಉಬ್ಬಸ. ಅವರು ನನಗೆ ದೂರು ಹೇಳಲಿಲ್ಲ. 2025ರ ಜನವರಿ ಕೊನೆಗೆ ಅವರು ಮನೆ ಬಿಡುವಾಗಲೇ ನಾನು ಗೋಡೆಯನ್ನು ನೋಡಿದ್ದು. ಏಕೆ ಹೇಳಲಿಲ್ಲವೆಂದು ಕೇಳಿದೆ. ‘ಬೇರೆಯವರು ಕಾಯುತ್ತಿದ್ದಾರೆ, ಬೇಕಾದರೆ ಬಿಡಿ ಎಂದುಬಿಟ್ಟರೆ ಎಂಬ ಭಯ’ ಎಂದು ಆ ಮಗುವಿನ ತಾಯಿ ಹೇಳಿದರು. ಆಗ ನನಗೆ ಒಂದು ವಿಷಯ ಅರ್ಥವಾಯಿತು. ಪೈಪೋಟಿ ಮತ್ತು ಹಾಳು ಮನೆ ಎರಡು ಬೇರೆ ಬೇರೆ ಸಮಸ್ಯೆಗಳಲ್ಲ. ಬಾಗಿಲ ಹೊರಗಿನ ಸಾಲೇ ಬಾಗಿಲ ಒಳಗಿನವರ ಬಾಯಿ ಕಟ್ಟುತ್ತದೆ. ಸಾಲು ಉದ್ದವಾದಷ್ಟೂ ಮಾಲೀಕನು ರಿಪೇರಿ ಮಾಡಿಸುವ ಅವಶ್ಯಕತೆ ಕಡಿಮೆಯಾಗುತ್ತದೆ. ಇಷ್ಟಾಗಿಯೂ ಅಂದು ನಾನು ರೂಢಿಯಂತೆ ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆಯನ್ನು ಸುಣ್ಣಬಣ್ಣಕ್ಕೆಂದು ಮುರಿದುಕೊಂಡೆ. ಕೈಗೆ ಅಭ್ಯಾಸವಾಗಿತ್ತು.

ಗೋಡೆಯ ತೇವ ಅಲ್ಪ ವಿಷಯವೆಂದು ಭಾವಿಸುವವರು ದೂರದ ಇಂಗ್ಲೆಂಡಿನಲ್ಲಿ ನಡೆದುದನ್ನು ತಿಳಿಯಬೇಕು. ಅಲ್ಲಿನ ರೋಚ್‌ಡೇಲ್ ಪಟ್ಟಣದಲ್ಲಿ ಅವಾಬ್ ಇಷಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಬಾಡಿಗೆಯ ಫ್ಲ್ಯಾಟಿನ ಬೂಷ್ಟನ್ನು ದೀರ್ಘಕಾಲ ಉಸಿರಾಡಿದ್ದೇ ಮರಣಕ್ಕೆ ಕಾರಣವೆಂದು 2022ರಲ್ಲಿ ವಿಚಾರಣಾಧಿಕಾರಿ ನಿರ್ಣಯಿಸಿದರು. ಮಗು ಹುಟ್ಟುವ ಮೊದಲೇ, 2017ರಲ್ಲಿ ತಂದೆಯು ದೂರಿತ್ತಾಗ, ಮೇಲೆ ಬಣ್ಣ ಬಳಿದುಕೊಳ್ಳುವಂತೆ ಅವರಿಗೆ ತಿಳಿಸಲಾಗಿತ್ತಂತೆ. ಇದನ್ನು ಓದಿದಾಗ ನನ್ನ ಕೈಯಲ್ಲಿದ್ದ ಪತ್ರಿಕೆ ನಡುಗಿತು. ಆ ಮಗುವಿನ ಹೆಸರಿನಲ್ಲೇ ಅಲ್ಲಿ ಕಾನೂನಾಗಿ, ಸಾಮಾಜಿಕ ವಸತಿ ಸಂಸ್ಥೆಗಳು ಇಂಥ ಅಪಾಯಗಳನ್ನು ನಿಗದಿತ ದಿನಗಳೊಳಗೆ ಸರಿಪಡಿಸಬೇಕೆಂಬ ನಿಯಮ 2025ರ ಅಕ್ಟೋಬರಿನಿಂದ ಜಾರಿಗೆ ಬಂತು. ಅದೇ ತಿಂಗಳು ಅಂಗೀಕೃತವಾದ ಬಾಡಿಗೆದಾರರ ಹಕ್ಕುಗಳ ಕಾಯಿದೆಯು, ಪ್ರಕಟಿಸಿದ ಬಾಡಿಗೆಗಿಂತ ಹೆಚ್ಚಿನದನ್ನು ಕೇಳುವುದನ್ನು ಮಾತ್ರವಲ್ಲ, ಬಾಡಿಗೆದಾರನು ತಾನಾಗಿ ಕೊಟ್ಟರೂ ಸ್ವೀಕರಿಸುವುದನ್ನು ನಿಷೇಧಿಸುತ್ತದೆ. ನ್ಯೂಜಿಲೆಂಡಿನಲ್ಲಿ 2021ರಿಂದಲೇ ಮಾಲೀಕರು ಸವಾಲು ಕರೆಯುವಂತಿಲ್ಲ. ‘ಅವನಾಗಿಯೇ ಕೊಟ್ಟನು’ ಎಂಬ ಸಮಾಧಾನ ಸಾಲದೆಂದು ಲೌಕಿಕ ಶಾಸನಗಳೂ ಕಂಡುಕೊಂಡಿವೆ.

ನಮ್ಮಲ್ಲಿ ಶಾಸನದ ಆಸರೆ ಕಡಿಮೆ. 1999ರ ಕರ್ನಾಟಕ ಬಾಡಿಗೆ ಕಾಯಿದೆಯ ವ್ಯಾಪ್ತಿಗೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳು ಸೇರುವುದಿಲ್ಲ. ಕೇಂದ್ರ ಸಂಪುಟವು 2021ರಲ್ಲಿ ಅಂಗೀಕರಿಸಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿ ಶಾಸನ ಮಾಡಿದ ಹೊರತು ಅದಕ್ಕೆ ಬಲವಿಲ್ಲ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆಂಬ ಕಾರಣಕ್ಕೆ ಎಲ್ಲರೂ ಹನ್ನೊಂದು ತಿಂಗಳ ಕರಾರನ್ನೇ ಬರೆಯುತ್ತಾರೆ. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆದಾರನ ನೆಮ್ಮದಿ ಅಲುಗಾಡುತ್ತದೆ. ಹೀಗೆ ಕಾನೂನು ಕೈಬಿಟ್ಟ ಸ್ಥಳದಲ್ಲಿ ಉಳಿಯುವುದು ಮಾಲೀಕನ ಆತ್ಮಸಾಕ್ಷಿ ಒಂದೇ. ವ್ರತಕ್ಕೆ ಕೆಲಸವಿರುವುದು ಅಲ್ಲಿಯೇ.

ಪರಿಮಾಣವೆಂದರೆ ಅಳತೆ. ಆ ಅಳತೆಯನ್ನು ಯಾವಾಗ ಮಾಡಬೇಕೆಂಬುದರಲ್ಲಿ ವ್ರತದ ರಹಸ್ಯವಿದೆ. ಹಸಿದವನು ಎಲೆಯ ಮುಂದೆ ಕುಳಿತ ಮೇಲೆ ಉಪವಾಸದ ನಿಶ್ಚಯ ಮಾಡಲಾರನು; ಹಿಂದಿನ ದಿನವೇ ಮಾಡಬೇಕು. ಹಾಗೆಯೇ ದಲ್ಲಾಳಿಯ ಕರೆ ಬಂದ ಮೇಲೆ ನ್ಯಾಯವಾದ ಬಾಡಿಗೆ ಎಷ್ಟೆಂದು ಯೋಚಿಸಿದರೆ, ಯೋಚಿಸುವುದು ಲೋಭವೇ ಹೊರತು ವಿವೇಕವಲ್ಲ. ಮನೆ ಖಾಲಿಯಾಗುವ ಮೊದಲೇ, ಯಾರ ಮುಖವನ್ನೂ ನೋಡುವ ಮೊದಲೇ, ಇಷ್ಟಕ್ಕಿಂತ ಹೆಚ್ಚು ಪಡೆಯೆನೆಂದು ನಿಶ್ಚಯಿಸಬೇಕು.

2025ರ ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚಧರ್ಮದ ದಿನ ಪ್ರವಚನ ಕೇಳಿ ಮನೆಗೆ ಬಂದು ಲೆಕ್ಕದ ಪುಸ್ತಕ ತೆರೆದೆ. ಎರಡು ವರ್ಷಗಳಲ್ಲಿ ಮಿತಿ ಮೀರಿ ಪಡೆದದ್ದು 1,20,000 ರೂಪಾಯಿ. ಬಣ್ಣಕ್ಕೆಂದು ಮುರಿದುಕೊಂಡದ್ದು 27,000. ಎರಡನ್ನೂ ಆ ದಂಪತಿಗಳಿಗೆ ಹಿಂದಿರುಗಿಸಿ, ಕ್ಷಮಾವಣಿಯ ದಿನ ಹೋಗಿ ಕ್ಷಮೆ ಕೇಳಿದೆ. ಮಕ್ಕಳು ಮೊದಲು ಆಕ್ಷೇಪಿಸಿದರು. ಆ ಹಣವನ್ನು ಬಸದಿಗೆ ದಾನ ಕೊಡಬಹುದಲ್ಲ ಎಂದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳೊಂದಿಗೆ ಆವಾಸವನ್ನೂ ದಾನಗಳಲ್ಲಿ ಎಣಿಸಿದ್ದಾರೆ. ಅದು ಸತ್ಪಾತ್ರರನ್ನು ಕುರಿತ ಮಾತೆಂಬುದನ್ನು ಬಲ್ಲೆ. ಆದರೂ, ಒಬ್ಬರ ಆವಾಸದಿಂದ ಅನ್ಯಾಯವಾಗಿ ತೆಗೆದುಕೊಂಡದ್ದನ್ನು ಇನ್ನೆಲ್ಲಿಯೋ ದಾನವೆಂದು ಕೊಟ್ಟು ಹೆಸರು ಕೆತ್ತಿಸಿಕೊಳ್ಳುವುದು ನನಗೆ ಉಚಿತವೆನಿಸಲಿಲ್ಲ. ಗೋಡೆಯನ್ನು ಹೊರಗಿನಿಂದ ಸರಿಪಡಿಸಿದ ಮೇಲೆ ಮನೆಯನ್ನು ಮತ್ತೆ ಕೊಟ್ಟಿದ್ದೇನೆ.

ಮನೆಯನ್ನು ಬಾಡಿಗೆಗೆ ಕೊಡುವ ಧರ್ಮಬಂಧುಗಳು ಆರು ನಿಯಮಗಳನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ. ಬಾಡಿಗೆಯನ್ನು ಮೊದಲೇ ನಿಶ್ಚಯಿಸಿ, ಹೇಳಿದ ಮೇಲೆ ಯಾರು ಹೆಚ್ಚು ಕೊಟ್ಟರೂ ಪಡೆಯದಿರುವುದು. ಮೊದಲು ಒಪ್ಪಿದವರಿಗೆ ಕೊಟ್ಟ ಮಾತನ್ನು ಅವರು ಕೇಳಿದ ಅವಧಿಯವರೆಗೆ ಉಳಿಸಿಕೊಳ್ಳುವುದು. ಮನೆಯ ದೋಷಗಳನ್ನು, ನೀರಿನ ಅಭಾವವನ್ನು ಮುಚ್ಚದೆ ಹೇಳುವುದು. ರಿಪೇರಿಯನ್ನು ಬಾಡಿಗೆದಾರನು ಬೇಡುವ ಮೊದಲೇ ಮಾಡಿಸುವುದು. ಮುಂಗಡವನ್ನು ಎರಡು ತಿಂಗಳಿಗೆ ಮಿತಗೊಳಿಸಿ, ಮನೆ ಬಿಡುವ ದಿನವೇ ಲೆಕ್ಕ ಸಹಿತ ಹಿಂದಿರುಗಿಸುವುದು. ಕೊನೆಯದಾಗಿ, ಅಡಿಗೆಮನೆಯ ಆಚಾರವನ್ನು ತಿಳಿಸಿ ಒಪ್ಪಿಗೆ ಪಡೆಯುವುದು ನಮ್ಮ ಹಕ್ಕಾದರೂ, ಅದನ್ನೇ ನೆಪ ಮಾಡಿ ಹೆಸರು ಕೇಳಿದೊಡನೆ ಬಾಗಿಲು ಮುಚ್ಚದಿರುವುದು. ಇವುಗಳಿಂದ ಯಾರೂ ದರಿದ್ರರಾಗುವುದಿಲ್ಲ.

ಬಸದಿ ಎಂಬ ನಮ್ಮ ಮಾತು ವಸತಿ ಎಂಬುದರಿಂದ ಬಂದದ್ದು. ಜಿನಬಿಂಬಕ್ಕೆ ಆಲಯವನ್ನು ಕಟ್ಟಿ ಅದಕ್ಕೆ ವಾಸಸ್ಥಾನವೆಂದೇ ಹೆಸರಿಟ್ಟ ಸಮಾಜವು ಮನುಷ್ಯರ ವಾಸಸ್ಥಾನವನ್ನು ಹರಾಜಿಗಿಡಬಾರದು.

ಮೊದಲು ಬಂದು ಒಪ್ಪಿಹೋದ ಆ ದಂಪತಿಗಳು ಈಗ ಎಲ್ಲಿದ್ದಾರೆಂದು ದಲ್ಲಾಳಿಗೂ ತಿಳಿಯದು. ಅವರ ಹೆಸರನ್ನೂ ನಾನು ಬರೆದಿಟ್ಟುಕೊಂಡಿರಲಿಲ್ಲ. ಕ್ಷಮಾವಣಿಯ ದಿನ ಎಲ್ಲರ ಕ್ಷಮೆ ಕೇಳಿದ ಮೇಲೆಯೂ ಅವರದೊಂದು ಬಾಕಿ ಉಳಿದಿದೆ.